ನನ್ನ ಗೋಡೌನಿನಲ್ಲಿ ಎರಡನೇ ಆಲ್ಬಮ್

ಕೆ.ಆರ್. ಪೇಟೆಯಲ್ಲಿ ನಲವತ್ತು ವರ್ಷ ಮೈಕ್ ಸೆಟ್ ಇಟ್ಟುಕೊಂಡಿದ್ದೆ. ಅಂಗಡಿ ಮುಚ್ಚಿದ ಮೇಲಾದರೂ ಕಿವಿಗೆ ಬಿಡುವು ಸಿಗುತ್ತದೆ ಅಂದುಕೊಂಡೆ. ಸಿಗಲಿಲ್ಲ. ಸುಮ್ಮನೆ ಕೂತವನನ್ನು ಹುಡುಕಿಕೊಂಡೇ ಇಂಥವು ಬರುತ್ತವೆ. ಈ ಸಲ ಜೋಡಿಯಾಗಿ ಬಂದವು.

ಒಬ್ಬ ನನ್ನ ತಂಗಿಯ ಮೊಮ್ಮಗ. ಉದ್ದ. ಇನ್ನೊಬ್ಬ ಶೀಳನೆರೆ ಕಡೆಯವನು. ಗಿಡ್ಡ. ಇಬ್ಬರೂ ಸೇರಿ ರ‍್ಯಾಪ್ ಹಾಡುತ್ತಾರೆ. ಮೊದಲನೇ ಆಲ್ಬಮ್ ಫೋನಿನಲ್ಲೇ ಮಾಡಿದ್ದರು. ಬೆಳ್ಳೂರಿನ ಬೇಕರಿಯಿಂದ ಪಾಂಡವಪುರದ ಕಬ್ಬಿನ ಟ್ರಾಕ್ಟರಿನವರೆಗೆ ಅದೇ ಕೂಗುತ್ತಿತ್ತು.

ಉದ್ದನಿಗೆ ನಾಗಮಂಗಲದ ಒಬ್ಬ ಹುಡುಗಿ ಇಷ್ಟ. ಅವಳಿಗೂ ಇವನು ಇಷ್ಟ. ಅವಳಪ್ಪ ದನದ ವ್ಯಾಪಾರಿ. ಆತ ಹೇಳಿದ್ದು ಇಷ್ಟು: "ಮೊದಲ್ನೇದು ಯಾರ‍್ಗಾದ್ರೂ ಆಯ್ತದೆ. ಎರಡ್ನೇದು ಮಾಡಿ ತೋರ‍್ಸು. ಸಂಕ್ರಾಂತಿ ಗಂಟ ಕಾಯ್ತೀನಿ. ಆಮೇಲೆ ಬ್ಯಾರೆ ಗಂಡು ನೋಡ್ತೀನಿ."

ಇಬ್ಬರೂ ಓಡಿ ಬಂದರು.

"ತಾತ, ನಿನ್ ಗೋಡೌನಲ್ಲಿ ಸ್ಟುಡಿಯೊ ಮಾಡ್ಕತೀವಿ."

"ಮಾಡ್ಕಳಿ" ಅಂದೆ. ಅದೇ ತಪ್ಪಾಯಿತು.

ಬೆಳ್ಳೂರು ಕ್ರಾಸಿನ ಪಂಚಾಯಿತಿ

ಆಂಪ್ಲಿಫೈಯರ್ ರಿಪೇರಿಗೆಂದು ಬೆಳ್ಳೂರು ಕ್ರಾಸಿಗೆ ಹೋಗಿದ್ದೆವು. ರಿಪೇರಿಯವನು ಒಂದು ಗಂಟೆ ಕಾಯಿರಿ ಅಂದ. ನಾನು ಹೋಟೆಲಿನಲ್ಲಿ ಕೂತೆ. ಇವರಿಗೆ ಕೂತು ಗೊತ್ತಿಲ್ಲ. ಹೊರಗೆ ನಿಂತು ಎರಡನೇ ಹಾಡನ್ನು ಅಭ್ಯಾಸ ಮಾಡತೊಡಗಿದರು. ಅಣ್ಣತಮ್ಮಂದಿರು ಬೈದಾಡುವ ಹಾಡು.

"ನಿನ್ನ ಬೇಲಿ ದಾಟಿ ಬಂದೆ ಕಣ್ಲಾ!" ಅಂತ ಉದ್ದ ಎದೆಯುಬ್ಬಿಸಿದ.

"ಬಾರ್ಲಾ, ನಿನ್ನ ಬೇರು ಸಮೇತ ಕೀಳ್ತೀನ್ಲಾ!" ಅಂತ ಗಿಡ್ಡ ನೆಗೆದ.

ಹಾಸನದ ಬಸ್ಸಿಗೆ ಕಾದಿದ್ದವರೆಲ್ಲ ಸುತ್ತ ನೆರೆದರು. ಟವೆಲ್ ಹೊದ್ದ ಹಿರಿಯರೊಬ್ಬರು ನುಗ್ಗಿ ಇಬ್ಬರ ಕಾಲರನ್ನೂ ಹಿಡಿದುಕೊಂಡರು.

"ಎಷ್ಟು ಗುಂಟೆ?"

"ಏನ್ ಎಷ್ಟು?"

"ತಕರಾರು ಎಷ್ಟು ಗುಂಟೆದ್ಲಾ?"

"ಜಮೀನೇ ಇಲ್ಲ ಕಣಣ್ಣ. ಹಾಡು ಕಲೀತಾ ಇದ್ವಿ."

ಹಿರಿಯರು ಕಾಲರು ಬಿಟ್ಟರು. ಇಬ್ಬರನ್ನೂ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಯಜಮಾನ್ರೆ, ಜಮೀನಿಲ್ದೇನೇ ಇಂಗಾಡ್ತಾವ್ರೆ. ನಿಮ್ದೇನಾರ ಜಮೀನಿದ್ರೆ ಇವ್ರ ಹೆಸ್ರಿಗೆ ಮಾತ್ರ ಬರೀಬ್ಯಾಡಿ."

"ಇಲ್ಲ" ಅಂದೆ.

ಆಯುಧಪೂಜೆ

ಹಬ್ಬದ ಹೊತ್ತಿಗೆ ನಾಲ್ಕು ಹಾಡು ಮುಗಿದಿದ್ದವು. ಮುಗಿದವು ಅನ್ನುವುದೂ ತಪ್ಪು. ಬೆಳಗ್ಗೆ ಮುಗಿಸುತ್ತಿದ್ದರು, ಸಂಜೆ ಅಳಿಸುತ್ತಿದ್ದರು. "ಮೊದಲ್ನೇದ್ರಷ್ಟು ಬಂದಿಲ್ಲ ತಾತ" ಅನ್ನುತ್ತಿದ್ದರು. ಉದ್ದ ನಡೆದೂ ನಡೆದೂ ಗೋಡೌನಿನ ನೆಲ ಸವೆಯುತ್ತಿತ್ತು.

ನನ್ನ ಹೆಂಡತಿ ಆಂಪ್ಲಿಫೈಯರು, ಮೈಕು, ಇವರ ಲ್ಯಾಪ್‌ಟಾಪು ಎಲ್ಲವನ್ನೂ ಸಾಲಾಗಿಟ್ಟು ವಿಭೂತಿ ಬಳಿದಳು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವಂತಿಲ್ಲ.

"ಅಜ್ಜಿ, ಮೂರೇ ತಿಂಗ್ಳು ಉಳ್ದಿರಾದು. ಒಂದೇ ಸಲ ರೆಕಾರ್ಡ್ ಮಾಡ್ಕಬುಡ್ತೀವಿ" ಅಂತ ಉದ್ದ ಗೋಗರೆದ.

"ಮುಟ್ಟಂಗಿಲ್ಲ."

"ಹೋಗ್ಲಿ, ಮೈಕು ಬ್ಯಾಡ. ಬರೀ ಬಾಯಲ್ಲಿ ಏಳ್ಕತೀವಿ."

ಅವಳು ಕುಂಕುಮದ ಬಟ್ಟಲು ಹಿಡಿದು ಬಂದಳು. "ನಿಮ್ ಆಯುಧ ಬಾಯೇ ಅಲ್ವೇನ್ರಪ್ಪ?" ಅಂತ ಇಬ್ಬರ ಗಲ್ಲಕ್ಕೂ ಒಂದೊಂದು ಬೊಟ್ಟು ಇಟ್ಟಳು. "ಇದ್ಕೂ ಪೂಜೆ ಆಯ್ತು. ನಾಳೆ ಗಂಟ ತೆಗೀಬ್ಯಾಡಿ."

ಆ ವರ್ಷದಲ್ಲಿ ನಾನು ಮಧ್ಯಾಹ್ನ ನಿದ್ದೆ ಮಾಡಿದ್ದು ಅದೊಂದೇ ದಿನ.

ರಗ್ಗು

ಗೋಡೌನಿಗೆ ಶೀಟಿನ ಚಾವಣಿ. ಸೀನಿದರೂ ನಾಲ್ಕು ಸಲ ಕೇಳಿಸುತ್ತದೆ. ಅದಕ್ಕೆ ಬೇಸಿಗೆಯಲ್ಲೇ ಬೀದಿಯ ಮನೆಮನೆಯಿಂದ ರಗ್ಗು, ಕಂಬಳಿ ಬೇಡಿ ತಂದು ಗೋಡೆಗೆ ನೇತುಹಾಕಿದ್ದರು. ಸದ್ದು ಅಡಗಿತ್ತು.

ಡಿಸೆಂಬರ್ ಬಂತು. ಚಳಿ ಬಂತು. ಹೆಂಗಸರೂ ಬಂದರು.

"ರಗ್ಗು ಕೊಡ್ರಪ್ಪ, ನಮ್ಮತ್ತೆ ನಡುಗ್ತಾವ್ರೆ."

"ಅಕ್ಕಾ, ಈ ಹಾಡೊಂದು ಮುಗೀಲಿ."

"ಹಾಡು ಮುಗಿಯೋವತ್ಗೆ ಅವ್ರೇ ಮುಗ್ದೋಯ್ತಾರೆ!"

ಗಿಡ್ಡ ಹಾಡುತ್ತಿರುವಾಗಲೇ ಒಬ್ಬಾಕೆ ಅವನ ಬೆನ್ನ ಹಿಂದಿನ ಕಂಬಳಿ ಎಳೆದುಕೊಂಡು ಹೋದಳು. ದಿನಕ್ಕೊಂದು ರಗ್ಗು ಇಳಿಯಿತು. ಐದನೇ ಹಾಡು ಕೋಣೆಯಲ್ಲಿ ಹಾಡಿದಂತಿತ್ತು. ಆರನೆಯದು ಛತ್ರದಲ್ಲಿ. ಏಳನೆಯದು ಬಾವಿಯೊಳಗೆ.

ಕೇಳಿದ ಗೆಳೆಯನೊಬ್ಬ ಬೆರಗಾದ. "ಏಳನೇದ್ರಲ್ಲಿ ದನಿ ಅದೆಂಗ್ಲಾ ಅಂಗೆ ಬಂತು?"

"ಅದು ಎಫೆಕ್ಟು" ಅಂದ ಉದ್ದ.

"ಅದು ಚಳಿ" ಅಂದೆ ನಾನು.

ಗಂಡು ನೋಡಲು ಬಂದವರು

ಎಂಟನೇ ಹಾಡು ಮುಗಿದದ್ದು ಸಂಕ್ರಾಂತಿಯ ಹಿಂದಿನ ದಿನ. ಅವತ್ತೇ ನಾಗಮಂಗಲದವರು ಬಂದರು. ದನದ ವ್ಯಾಪಾರಿ, ಅವರ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳೇ ಉದ್ದನ ಹುಡುಗಿ. ಚಿಕ್ಕವಳು ಬಿ.ಎಡ್. ಮುಗಿಸಿದವಳು.

ಅಂಗಳದಲ್ಲಿ ಹಾರನ್ ಸ್ಪೀಕರ್ ಕಟ್ಟಿ ಎಂಟೂ ಹಾಡು ಹಾಕಿದೆ. ವ್ಯಾಪಾರಿ ಎಲೆಅಡಿಕೆ ಜಗಿಯುತ್ತ ಕಣ್ಣು ಮುಚ್ಚಿ ಕೇಳಿದರು. ಮುಖ ಅಲುಗಲಿಲ್ಲ. ಉದ್ದ ಕೂತ, ಎದ್ದ, ಮತ್ತೆ ಕೂತ. ಚಿಕ್ಕ ಮಗಳು ಒಬ್ಬಳೇ ಕಾಲು ಕುಣಿಸುತ್ತಿದ್ದಳು.

ಹಾಡು ನಿಂತಿತು. ವ್ಯಾಪಾರಿ ಕಣ್ಣು ಬಿಟ್ಟರು.

"ಇದು ಮಿಸನ್ನು. ಎದ್ರುಗೆ ನಿಂತು ಬಾಯಲ್ಲಿ ಏಳು ನೋಡನ."

ಉದ್ದ ಶುರು ಮಾಡಿದ. ಅರ್ಧ ಸಾಲಿಗೆ ನಿಂತ. ಇವರ ಪದ್ಧತಿಯೇ ಹಾಗೆ. ಒಬ್ಬನ ಉಸಿರು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಇನ್ನೊಬ್ಬ ಎತ್ತಿಕೊಳ್ಳಬೇಕು. ವರ್ಷವಿಡೀ ಹಾಗೆ ಹಾಡಿ, ಪೂರ್ತಿ ಸಾಲು ಹೇಳುವುದೇ ಮರೆತುಹೋಗಿತ್ತು. ಉದ್ದ ಬೆವೆತ. ಬಾಗಿಲಲ್ಲಿ ನಿಂತಿದ್ದ ಗಿಡ್ಡ ತಡೆಯಲಾರದೆ ಉಳಿದರ್ಧ ಎತ್ತಿಕೊಂಡ. ಇಬ್ಬರೂ ಹಾಡು ಮುಗಿಸಿದರು.

"ಇಬ್ರಲ್ಲಿ ಗಂಡು ಯಾರು?" ಅಂತ ವ್ಯಾಪಾರಿಯ ತಾಯಿ ಕೇಳಿದರು.

ವ್ಯಾಪಾರಿ ಎಲೆಅಡಿಕೆ ಉಗಿದು ಬಂದರು. "ಚೆಂದಾಗೈತೆ. ಮೊದಲ್ನೇದ್ಕಿಂತ ಮೇಲು. ಆದ್ರೆ ನಾನು ಬದ್ಕೆಲ್ಲ ದನ ನೋಡಿವ್ನಿ. ಜೊತೆ ಎತ್ತು ಒಡೆದು ಒಂದನ್ನೇ ತಗಂಡೋನ್ಗೆ ಹೊಲ ಉಳಾಕಾಗಲ್ಲ. ತಗಂಡ್ರೆ ಜೊತೇನೇ ತಗಬೇಕು. ನಂಗೂ ಇಬ್ರು ಹೆಣ್ಮಕ್ಳು." ಚಿಕ್ಕ ಮಗಳ ಕಡೆ ತಿರುಗಿದರು. "ಏನವ್ವ?"

ಅವಳು ಗಿಡ್ಡನನ್ನು ಮೇಲಿಂದ ಕೆಳಗೆ ನೋಡಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. "ನಂಗೇನೂ ತೊಂದ್ರೆ ಇಲ್ಲಪ್ಪ. ಅವ್ರನ್ನ ಕೇಳಿ."

"ಏನಪ್ಪ, ನೀನೇನಂತೀಯ?"

ಗಿಡ್ಡ ಒಂದು ಹೆಜ್ಜೆ ಹಿಂದೆ ಸರಿದ. "ಯಜಮಾನ್ರೆ, ನಂಗೆ ಈ ಮದ್ವೆ ಗಿದ್ವೆ ಎಲ್ಲಾ..." ಅಂದ. ಅಲ್ಲಿಗೆ ಉಸಿರು ಮುಗಿಯಿತು.

ಉದ್ದ ಎತ್ತಿಕೊಂಡ.

"ಯಾವ್ ತಿಂಗ್ಳಾದ್ರೂ ಸರಿ!"