ರಸ್ತೆ ಪರಿಶೀಲನಾ ವಾಹನಕ್ಕೆ ಮೇಲ್ಛಾವಣಿ ಇರಬೇಕೇ ಬೇಡವೇ

ಬ್ಯಾಡರಹಳ್ಳಿಯ ಗುಡ್ಡದ ಬಸವೇಶ್ವರ ಬಡಾವಣೆಯಲ್ಲಿ ರಸ್ತೆಗಳೇ ಇಲ್ಲ ಎಂಬುದು ಸತ್ಯಕ್ಕೆ ದೂರವಾದ ಮಾತು. ರಸ್ತೆಗಳಿವೆ, ಡಾಂಬರು ಮಾತ್ರ ಇಲ್ಲ. ಮೋರಿ ಪೈಪು ಹಾಕಲೆಂದು ಒಮ್ಮೆ ಅಗೆದರು, ಪೈಪು ಹಾಕುವುದನ್ನು ಮರೆತೆವೆಂದು ಇನ್ನೊಮ್ಮೆ ಅಗೆದರು. ಅಗೆದ ಮಣ್ಣು ರಸ್ತೆಯಲ್ಲೇ ಇದೆ, ಒಂದು ಬುಟ್ಟಿಯೂ ಕಳುವಾಗಿಲ್ಲ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಗೋಪೀನಾಥನಾದ ನಾನು ಇದನ್ನು ಜವಾಬ್ದಾರಿಯಿಂದ ಹೇಳುತ್ತಿದ್ದೇನೆ.

ಆದರೂ ಕೆಲವರಿಗೆ ಕೊಂಕು ತೆಗೆಯದಿದ್ದರೆ ಉಂಡ ಅನ್ನ ಅರಗುವುದಿಲ್ಲ. ಐದನೇ ಅಡ್ಡರಸ್ತೆಯ ಪಾಪಮ್ಮನವರು ಅಂಥವರು. ಅವರ ಮಂಡಿ ಆಪರೇಷನ್ ಆಗಿದೆ. ವಾರಕ್ಕೆರಡು ಸಲ ವಿಜಯನಗರಕ್ಕೆ ಹೋಗಿ ಫಿಸಿಯೋಥೆರಪಿ ಮಾಡಿಸಿಕೊಳ್ಳದಿದ್ದರೆ ಕಾಲು ಮರದ ಕೊರಡಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದಾರೆ. ಬಡಾವಣೆಯ ಕಮಾನು ದಾಟಿ ಒಳಗೆ ಯಾವ ಆಟೋದವನೂ ಬರುವುದಿಲ್ಲ. ಕಮಾನಿನವರೆಗೆ ಗೋಡೆ ಹಿಡಿದುಕೊಂಡು, ಗುಂಡಿ ದಾಟಿಕೊಂಡು ಬರಬೇಕು. ಹೋದ ತಿಂಗಳು ಹಾಗೆ ಬರುವಾಗ ಬಿದ್ದರು. ಬಿದ್ದವರು ಸುಮ್ಮನೆ ಎದ್ದು ಹೋಗಬಾರದೇ? ನೇರವಾಗಿ ಸರ್ವ ಸದಸ್ಯರ ಸಭೆಗೆ ಬಂದರು.

"ನಮ್ಮನೆ ಬಾಗಿಲಿಗೆ ಒಂದು ಆಟೋ ಬರಂಗೆ ಮಾಡ್ಕೊಡ್ರಪ್ಪ, ಅಷ್ಟೇ ಸಾಕು. ಯಾಕಿಷ್ಟು ನಿಧಾನ ನಿಮ್ಮ ಕೆಲಸ?" ಎಂದು ಕೇಳಿದರು.

ಅಧ್ಯಕ್ಷರಾದ ಭೈರೇಶ್ ಅವರು ಕಣ್ಣು ಮುಚ್ಚಿ ಯೋಚಿಸಿದರು. ಇಡೀ ಬಡಾವಣೆ ಒಂದು ಕಾಲಕ್ಕೆ ಅವರ ಮನೆಯ ರಾಗಿ ಹೊಲ. ಕಮಾನಿನ ಮೇಲೆ ಅವರ ತಂದೆಯ ಹೆಸರಿದೆ, ಕಮಾನಿನ ಕೆಳಗೆ ಅವರದೇ ಫ್ಲೆಕ್ಸ್ ಇದೆ. ಅಂಥವರು ಕಣ್ಣು ಮುಚ್ಚಿದರೆ ಸಭೆಯೂ ಉಸಿರು ಬಿಗಿಹಿಡಿಯುತ್ತದೆ.

"ಅಮ್ಮ ಕೇಳಿದ್ದು ನ್ಯಾಯವಾಗಿದೆ. ಕೆಲಸ ನಿಧಾನ. ಯಾಕೆ ನಿಧಾನ? ಪರಿಶೀಲನೆ ನಿಧಾನ. ಪರಿಶೀಲನೆ ಯಾಕೆ ನಿಧಾನ? ಸಂಘಕ್ಕೆ ಒಂದು ಸ್ಪೀಡಾದ ಗಾಡಿ ಇಲ್ಲ ಕಣ್ರೀ!"

ಈ ವಾದದಲ್ಲಿ ಸಭೆಗೆ ಒಂದು ದೋಷವೂ ಕಾಣಲಿಲ್ಲ. ರಸ್ತೆ ನಿಧಿಯಿಂದ ಅತಿ ವೇಗದ ಪರಿಶೀಲನಾ ವಾಹನವೊಂದನ್ನು, ಅಂದರೆ ಸ್ಪೋರ್ಟ್ಸ್ ಕಾರೊಂದನ್ನು, ಕೊಳ್ಳತಕ್ಕದ್ದೆಂದು ಠರಾವಾಯಿತು. ರಸ್ತೆಯ ಹಣದಲ್ಲಿ ರಸ್ತೆಯ ಮೇಲೆ ಓಡುವ ವಸ್ತುವನ್ನು ಕೊಳ್ಳಲು ಬೈಲಾದಲ್ಲಿ ಅಡ್ಡಿಯಿಲ್ಲ. ನಾನೇ ಕೂತು ಹುಡುಕಿದ್ದೇನೆ. ಪಾಪಮ್ಮನವರು ಇನ್ನೂ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ಬೋಂಡಾ ಬಂತು.

ನಿಜವಾದ ಕಷ್ಟ ಶುರುವಾಗಿದ್ದು ಷೋರೂಮಿನಲ್ಲಿ. ಅಲ್ಲಿ ಒಂದೇ ಕಾರು ಎರಡು ಅವತಾರದಲ್ಲಿ ನಿಂತಿತ್ತು. ಎರಡಕ್ಕೂ ಎರಡೇ ಸೀಟು.

"ಎರಡೂ ಸೇಮ್ ಇಂಜಿನ್ ಸಾರ್. ಇದು ಕನ್ವರ್ಟಿಬಲ್, ರೂಫ್ ಮಡಚ್ಕೊಳತ್ತೆ. ಇದು ಕೂಪೆ, ರೂಫ್ ಫಿಕ್ಸೆಡ್ಡು. ನಿಮ್ಮ ಯೂಸ್ ಏನು ಸಾರ್?" ಎಂದು ಅಲ್ಲಿನ ಕೀರ್ತನಾ ಎಂಬಾಕೆ ಕೇಳಿದರು.

"ಮೋರಿ ನೋಡೋದು," ಎಂದರು ಅಧ್ಯಕ್ಷರು.

ಆಕೆ ತರಬೇತಿ ಪಡೆದ ಹುಡುಗಿ. "ಎರಡರಲ್ಲೂ ಚೆನ್ನಾಗಿ ಕಾಣ್ಸತ್ತೆ ಸಾರ್," ಎಂದರು.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಅಧ್ಯಕ್ಷರು ಕನ್ವರ್ಟಿಬಲ್ ಅಂದರು. ಉಪಾಧ್ಯಕ್ಷ ಮೋಹನ್ ಕುಮಾರ್, ನಿವೃತ್ತ ಬ್ಯಾಂಕ್ ಅಧಿಕಾರಿ, ಜೀವಮಾನದಲ್ಲಿ ಯಾವುದನ್ನೂ ತೆರೆದಿಟ್ಟವರಲ್ಲ, ಕೂಪೆ ಅಂದರು.

"ಮಳೆ ಬಂದ್ರೆ ಏನ್ ಮಾಡ್ತೀರಾ?"

"ಮಳೆ ಬಂದ್ರೆ ಮುಚ್ಕೊಳತ್ತಲ್ರೀ!"

"ಮುಚ್ಕೊಳೋದೇ ಆದ್ರೆ, ಮೊದಲೇ ಮುಚ್ಚಿರೋದನ್ನ ತಗೊಂಡ್ರೆ ಆಗಲ್ವಾ?"

ಈ ಪ್ರಶ್ನೆಯನ್ನು ಹೊತ್ತುಕೊಂಡು ಬರಿಗೈಯಲ್ಲಿ ಬಡಾವಣೆಗೆ ಮರಳಿದೆವು. ಬಡಾವಣೆ ಎರಡು ಹೋಳಾಯಿತು. ತೆರೆದ ಬಣದವರು ಮುಚ್ಚಿದ ಬಣದವರ ಮನೆಯ ಗೃಹಪ್ರವೇಶಕ್ಕೆ ಹೋಗಲಿಲ್ಲ. ಮುಚ್ಚಿದ ಬಣದವರು ಸಂಕ್ರಾಂತಿಗೆ ಎಳ್ಳು ಬೀರುವಾಗ ತೆರೆದ ಬಣದವರ ಗೇಟು ಬಿಟ್ಟು ಮುಂದೆ ಹೋದರು. ರಸ್ತೆಯ ವಿಷಯ ಎತ್ತಿದವರನ್ನು ಎರಡೂ ಬಣದವರು ಸೇರಿ ಬೈದರು, ಇಂಥ ಸಮಯದಲ್ಲಿ ಅದೇನು ಸಣ್ಣತನ ಎಂದು.

ಕೊನೆಗೆ ತೀರ್ಮಾನ ಕೊಟ್ಟಿದ್ದು ಪೇಟ. ನಮ್ಮ ಅಧ್ಯಕ್ಷರು ಯಾವ ಬೀದಿಗೆ ಕಾಲಿಟ್ಟರೂ ಅಲ್ಲಿಯವರು ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡುತ್ತಾರೆ. ಮಾಡದಿದ್ದರೆ ಆ ಬೀದಿಗೆ ನೀರಿನ ಟ್ಯಾಂಕರ್ ತಡವಾಗುತ್ತದೆ ಎಂಬುದು ಬರೀ ಕಾಕತಾಳೀಯ. ತೊಡಿಸಿದ ಪೇಟವನ್ನು ಮನೆ ಸೇರುವ ಮುಂಚೆ ತೆಗೆದರೆ ತೊಡಿಸಿದವರಿಗೆ ಅವಮಾನ. ಆದ್ದರಿಂದ ಷೋರೂಮಿಗೆ ಒಂದು ಪೇಟ ತೆಗೆದುಕೊಂಡು ಹೋಗಿ ವೈಜ್ಞಾನಿಕವಾಗಿ ಪರೀಕ್ಷಿಸಿದೆವು. ಕೂಪೆಯೊಳಗೆ ಅಧ್ಯಕ್ಷರು ಕೂತ ಕೂಡಲೇ ಪೇಟ ಜಾರಿ ಮೂಗಿನ ಮೇಲೆ ಕೂತಿತು. ಕನ್ವರ್ಟಿಬಲ್ಲಿನಲ್ಲಿ ಪೇಟದ ಗರಿಯೂ ಅಲ್ಲಾಡಲಿಲ್ಲ. "ಸಂಘದ ವಾಹನವು ಪೇಟಕ್ಕೆ ಅನುಕೂಲವಾಗಿರತಕ್ಕದ್ದು" ಎಂಬ ಹೊಸ ನಿಯಮ ಬರೆದು, ಕನ್ವರ್ಟಿಬಲ್ ಕೊಂಡೆವು.

ಕಾರು ಬಂದ ದಿನ ಕಮಾನಿನ ಬಳಿ ಪೂಜೆಯಾಯಿತು. ಕುಂಬಳಕಾಯಿ ಒಡೆದೆವು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಕಾರು ನಿಂಬೆಹಣ್ಣು ದಾಟಿತು, ಕಮಾನು ದಾಟಿತು, ಮೊದಲನೇ ಮಣ್ಣುಗುಡ್ಡೆಯ ಮೇಲೆ ಹೊಟ್ಟೆ ಊರಿ ಕೂತುಬಿಟ್ಟಿತು. ಅಷ್ಟು ತಗ್ಗು ಕಾರು ಅದು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಾರಿನೊಳಗೆ ಪೇಟ ತೊಟ್ಟು ಕೂತ ಅಧ್ಯಕ್ಷರು ಹಾರದೊಳಗೆ ಬೆವರುತ್ತಿದ್ದರು.

"ರಸ್ತೆ ಸರಿ ಇಲ್ಲ," ಎಂದು ಅವರೇ ಮೊದಲ ಬಾರಿಗೆ ಘೋಷಿಸಿದರು. ಪರಿಶೀಲನೆ ಅಂದರೆ ಇದು! ಕೊಂಡ ದಿನವೇ ವಾಹನ ತನ್ನ ಕೆಲಸ ಮಾಡಿತ್ತು. ನನಗಂತೂ ಎದೆ ತುಂಬಿ ಬಂತು.

ಈಗ ಉಳಿದ ರಸ್ತೆಗಳನ್ನೂ ಪರಿಶೀಲಿಸಬೇಕು. ಕಾರು ಓಡಬೇಕಾದರೆ ರಸ್ತೆಯಾಗಬೇಕು. ರಸ್ತೆಯಾಗಬೇಕಾದರೆ ನಿಧಿ ಬೇಕು. ನಿಧಿ ಕಣ್ಣೆದುರಿಗೇ ಮಣ್ಣಿನ ಮೇಲೆ ಹೊಟ್ಟೆ ಊರಿಕೊಂಡಿದೆ. ಅಧ್ಯಕ್ಷರ ಮನೆಯ ಟ್ರ್ಯಾಕ್ಟರ್ ಓಡಿಸುವ ತಿಮ್ಮಯ್ಯ ತಲೆ ಕೆರೆದುಕೊಂಡು, "ಅಣ್ಣಾ, ಟ್ರೇಲರ್ ಮ್ಯಾಲೆ ಏರಿಸ್ಬಿಡಣ. ನಾನು ಎಳ್ಕಂಡ್ ಹೋಯ್ತೀನಿ, ನೀವು ಒಳಗೆ ಕೂತ್ಕಂಡು ನೋಡಿ," ಎಂದ.

ಅಧ್ಯಕ್ಷರು ಒಪ್ಪಿದರು. ಹಲಗೆ ಇಟ್ಟು, ಹಗ್ಗ ಕಟ್ಟಿ, ಕಾರನ್ನು ಟ್ರೇಲರ್ ಮೇಲೆ ಕೂರಿಸಿದೆವು. ಆಗ ಇನ್ನೊಂದು ತಾಂತ್ರಿಕ ಸಮಸ್ಯೆ ತಲೆದೋರಿತು. ನಮ್ಮಲ್ಲಿ ಕೇಬಲ್ ಮತ್ತು ಇಂಟರ್‌ನೆಟ್ ವೈರುಗಳು ಬಟ್ಟೆ ಒಣಹಾಕುವ ಹಗ್ಗದ ಎತ್ತರದಲ್ಲಿವೆ. ಎರಡನೇ ಅಡ್ಡರಸ್ತೆಯಲ್ಲಿ ಒಂದು ವೈರು ಬಂದು ಪೇಟವನ್ನು ಎತ್ತಿಕೊಂಡಿತು. ಪೇಟ ಅಲ್ಲೇ ಜೋಲಾಡಿತು, ಅಧ್ಯಕ್ಷರು ಮುಂದೆ ಹೋದರು.

"ನಾನು ಬಡ್ಕೊಂಡೆ, ಕೂಪೆ ತಗೊಳಿ ಅಂತ!" ಎಂದು ಮೋಹನ್ ಕುಮಾರ್ ರಸ್ತೆ ಮಧ್ಯೆ ನಿಂತು ಕೂಗಿದರು.

ಅವರ ಬಾಯಿ ಮುಚ್ಚಿಸುವ ದಾರಿ ನನಗೆ ಗೊತ್ತಿತ್ತು. ಗಣೇಶನ ಮೆರವಣಿಗೆಯಲ್ಲಿ ವೈರು ಎತ್ತುವ ಬಿದಿರಿನ ಕವೆಗೋಲು ಸಂಘದ ಕಚೇರಿಯಲ್ಲೇ ಇತ್ತು. ಅದನ್ನು ಅವರ ಕೈಗೆ ಕೊಟ್ಟು, "ಮೇಲ್ಛಾವಣಿ ಉಸ್ತುವಾರಿ ನಿರ್ದೇಶಕರು" ಎಂದು ಆದೇಶ ಹೊರಡಿಸಿದೆ. ಅಂದಿನಿಂದ ಅವರು ಟ್ರ್ಯಾಕ್ಟರಿನ ಮುಂದೆ ನಡೆಯುತ್ತಾ, ಪ್ರತಿ ವೈರನ್ನೂ ಸ್ವಹಸ್ತದಿಂದ ಎತ್ತುತ್ತಾರೆ. ಬಣ ರಾಜಕೀಯ ಅಲ್ಲಿಗೆ ಮುಗಿಯಿತು.

ಪರಿಶೀಲನೆ ಐದನೇ ಅಡ್ಡರಸ್ತೆ ತಲುಪಿದಾಗ ಪಾಪಮ್ಮನವರು ಬಾಗಿಲಲ್ಲೇ ನಿಂತಿದ್ದರು.

"ಅಯ್ಯೋ, ಇಲ್ಲಿಗಂಟ ಬಂತಲ್ಲಪ್ಪ ಒಂದು ಗಾಡಿ! ಕಮಾನಿನ ತಾವ ಬಿಡ್ರಪ್ಪ ನನ್ನ, ಇವತ್ತು ಫಿಸಿಯೋ ಐತೆ."

ಇದ್ದ ಎರಡು ಸೀಟಿನಲ್ಲಿ ಡ್ರೈವರ್ ಸೀಟು ಖಾಲಿಯಿತ್ತು. ಟ್ರೇಲರ್ ಮೇಲೆ ಕೂತ ಕಾರಿಗೆ ಡ್ರೈವರ್ ಯಾಕೆ? ತಿಮ್ಮಯ್ಯ ಅವರನ್ನು ಮನೆಯ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಟ್ರೇಲರ್ ಮೇಲಕ್ಕೆ ಎತ್ತಿ, ಸ್ಟೀರಿಂಗ್ ಮುಂದೆ ಇಳಿಸಿದ. ಅಧ್ಯಕ್ಷರು ಪಕ್ಕದಲ್ಲಿ ಜನರಿಗೆ ಕೈ ಮುಗಿಯುತ್ತಿದ್ದರು. ಪಾಪಮ್ಮನವರು ಹಾರನ್ ಒತ್ತುತ್ತಿದ್ದರು. ಜನ ಮಹಡಿಗಳಿಂದ ವಿಡಿಯೋ ಮಾಡಿದರು. ಆಗಿನಿಂದ ಮಂಗಳವಾರ, ಶುಕ್ರವಾರ ಈ ಸೇವೆ ಜಾರಿಯಲ್ಲಿದೆ.

ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ ಒಂದು ಕೆಟ್ಟ ಸುದ್ದಿ ಬಂತು. ಬಡಾವಣೆಯ ರಸ್ತೆಗಳಿಗೆ ಸರ್ಕಾರದಿಂದಲೇ ಡಾಂಬರು ಮಂಜೂರಾಗಿದೆ, ಸಂಘ ಒಪ್ಪಿಗೆ ಕೊಟ್ಟರೆ ಮುಂದಿನ ವಾರ ಕೆಲಸ ಶುರು ಎಂದು ಇಂಜಿನಿಯರ್ ಕಚೇರಿಯವರು ತಿಳಿಸಿದರು. ತುರ್ತು ಸಭೆ ಕರೆದೆ. ಅಧ್ಯಕ್ಷರು ಗಂಭೀರವಾಗಿ ವಿವರಿಸಿದರು: ರಸ್ತೆಯಾದರೆ ಆಟೋ ಬರುತ್ತದೆ. ಆಟೋ ಬಂದರೆ ಟ್ರ್ಯಾಕ್ಟರ್ ಯಾರು ಹತ್ತುತ್ತಾರೆ? ಪರಿಶೀಲಿಸಲು ಗುಂಡಿಯೇ ಇಲ್ಲದಿದ್ದರೆ ವಾಹನ ಸುಮ್ಮನೆ ನಿಲ್ಲುತ್ತದೆ, ಸುಮ್ಮನೆ ನಿಂತರೆ ಆಡಿಟ್ ಆಕ್ಷೇಪಣೆ ಬರುತ್ತದೆ. ನಮ್ಮ ಉಸ್ತುವಾರಿ ನಿರ್ದೇಶಕರ ಗತಿಯೇನು? ಮೋಹನ್ ಕುಮಾರ್ ಕಣ್ಣೊರೆಸಿಕೊಂಡರು.

ಡಾಂಬರನ್ನು ವಂದನೆಗಳೊಂದಿಗೆ ತಿರಸ್ಕರಿಸತಕ್ಕದ್ದು ಎಂಬ ಠರಾವಿಗೆ ಕೈ ಎತ್ತಲು ಕೇಳಿದೆ. ಎಲ್ಲರ ಕೈಗಳೂ ಮೇಲಿದ್ದವು. ಪಾಪಮ್ಮನವರದೂ.

"ಎಲ್ಲಾರ್ಗೂ ಧನ್ಯವಾದ," ಎಂದೆ.

"ಅಯ್ಯೋ, ನಾನು ಕೈ ಎತ್ತಿದ್ದು ಮಾತಾಡಕ್ಕೆ ಕಣಪ್ಪ! ನಂಗೆ ರಸ್ತೆನೇ ಬೇಕು ಅಂತ ಹೇಳಕ್ಕೆ!"

"ಎಣಿಕೆ ಮುಗಿದಿದೆ ಅಮ್ಮ," ಎಂದು ಮೃದುವಾಗಿಯೇ ಹೇಳಿದೆ. ಎಣಿಸಿದ ಕೈಯನ್ನು ವಾಪಸ್ ಕೊಡಲು ಬೈಲಾದಲ್ಲಿ ಅವಕಾಶವಿಲ್ಲ.

ಅವರು ಎತ್ತಿದ ಕೈ ಇಳಿಸಿದರು. ಮಂಡಿ ನೀವಿಕೊಂಡರು. ಸುತ್ತ ನೋಡಿದರು. ಅಕ್ಕಪಕ್ಕದ ಮನೆಯವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

"ಹಂಗಾದ್ರೆ ಶುಕ್ರವಾರ ಎಷ್ಟೊತ್ಗೆ ಬತ್ತದಪ್ಪ ಟ್ರ್ಯಾಕ್ಟರು?" ಎಂದು ಕೇಳಿದರು.

ಇದನ್ನು ಸಭೆಯು ಸದಸ್ಯರ ತುಂಬು ಹೃದಯದ ಬೆಂಬಲವೆಂದು ದಾಖಲಿಸಿಕೊಂಡಿತು.