ಬೇಡ ಎಂದವರ ಉತ್ಸಾಹ

ಪ್ರಜ್ಞೆ ತಪ್ಪಿ ಬಿದ್ದವರು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ ಎಂಬುದನ್ನು ದೊಡ್ಡಾಸ್ಪತ್ರೆಯ ಸಂಶೋಧನಾ ವಿಭಾಗವು ಮೂರು ಸಭೆಗಳ ನಂತರ ಸರ್ವಾನುಮತದಿಂದ ಒಪ್ಪಿಕೊಂಡಿತು. ಹೃದಯ ನಿಂತವರಿಗೆಂದು ಹೊಸ ಚುಚ್ಚುಮದ್ದೊಂದು ಬಂದಿತ್ತು. ಅದು ಬದುಕಿಸುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಬಿದ್ದವರು ಬೇಕಿತ್ತು. ಬಿದ್ದಮೇಲೆ ಕೇಳುವಂತಿಲ್ಲವಾದ್ದರಿಂದ, ನಿಂತಿರುವಾಗಲೇ ಇಡೀ ಊರನ್ನು ಕೇಳತಕ್ಕದ್ದು ಎಂದು ನಿಯಮ. ಮನೆಮನೆಗೆ ಹೋದರೆ ಚಪ್ಪಲಿ ಸವೆಯುತ್ತದೆ. ಆದ್ದರಿಂದ ಮೊಬೈಲಿನಲ್ಲಿ ಒಂದು ಪುಟ ತೆರೆದು, ನಗುವ ಹೃದಯದ ಚಿತ್ರ ಹಾಕಿ, 'ನಿಮ್ಮ ಅಭಿಪ್ರಾಯ ತಿಳಿಸಿ' ಎಂದು ಬರೆದರು.

ಊರೆಲ್ಲ ದರ್ಜಿ ಅಕ್ಕ ಎಂದು ಕರೆಯುವ ಹೆಂಗಸು ಅಂಗಿಗೆ ಗುಂಡಿ ಹಾಕುತ್ತಾ ಇದನ್ನು ನೋಡಿದಳು. ಅವಳ ಗಂಡ ಗಡಿಯಾರ ರಿಪೇರಿಯವನು. ಊರಿನ ಗಡಿಯಾರಗಳನ್ನೆಲ್ಲ ನಡೆಸುತ್ತಿದ್ದವನ ಎದೆ ಹೋದ ವರ್ಷ ಒಮ್ಮೆ ಕೈಕೊಟ್ಟಿತ್ತು. ಅಕ್ಕ ಬರೆದಳು: 'ನಮ್ಮ ಯಜಮಾನರಿಗೆ ಬೇಡ.'

ತಕ್ಷಣ ಉತ್ತರ ಬಂತು: 'ನಿಮ್ಮ ಪಾಲ್ಗೊಳ್ಳುವಿಕೆಗೆ ಧನ್ಯವಾದಗಳು!'

'ನಾನು ಪಾಲ್ಗೊಂಡಿಲ್ಲ.'

'ಎರಡನೇ ಬಾರಿ ಪಾಲ್ಗೊಂಡಿದ್ದಕ್ಕೆ ವಿಶೇಷ ಧನ್ಯವಾದಗಳು!'

ಅಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಆಸ್ಪತ್ರೆಗೇ ಹೋದಳು. ಸಂಪರ್ಕಾಧಿಕಾರಿ ಎರಡು ಕೈಯಲ್ಲಿ ಎರಡು ಮೊಬೈಲು ಹಿಡಿದು ಕೂತಿದ್ದ.

"ಸಾರ್, ಬೇಡ ಅಂತ ಬರೆದಿದ್ದೆ."

"ನೋಡಿದೆ ಅಕ್ಕಾ, ಬಹಳ ಚೆನ್ನಾಗಿ ಬರೆದಿದ್ದೀರಿ. ಹನ್ನೊಂದು ಜನ ಮೆಚ್ಚಿದ್ದಾರೆ."

"ಮೆಚ್ಚಲಿ ಅಂತ ಬರೀಲಿಲ್ಲ. ಬೇಡ ಅಂದ್ರೆ ಬೇಡ."

"ಬೇಕು, ಬೇಡ ಅಂತ ನಮ್ಮ ಪಟ್ಟಿಯಲ್ಲಿ ಖಾನೆ ಇಲ್ಲ. ಬರೆದವರು, ಬರೆಯದವರು, ಅಷ್ಟೇ."

"ಬರೆಯದವರು ಅಂದ್ರೆ?"

"ಮೌನವಾಗಿ ಒಪ್ಪಿದವರು."

"ಬರೆದವರು?"

"ಉತ್ಸಾಹದಿಂದ ಒಪ್ಪಿದವರು."

ಒಪ್ಪದವರಿಗೂ ಅವಕಾಶವಿತ್ತು. ಅವರು ಬಲಗೈಗೆ ಹಳದಿ ಪಟ್ಟಿ ಕಟ್ಟಿಕೊಳ್ಳತಕ್ಕದ್ದು. ಆ ಕೈ ಕಂಡರೆ ಆಂಬ್ಯುಲೆನ್ಸಿನವರು ಹೊಸ ಚುಚ್ಚುಮದ್ದು ಕೊಡತಕ್ಕದ್ದಲ್ಲ. ಮಾಡಿಸಿದ್ದ ಇನ್ನೂರು ಪಟ್ಟಿಗಳನ್ನು ಉದ್ಘಾಟನೆಗೆ ಬಂದ ಗಣ್ಯರಿಗೆ ನೆನಪಿನ ಕಾಣಿಕೆಯಾಗಿ ಕೊಟ್ಟು ಮುಗಿಸಿದ್ದರಿಂದ ದಾಸ್ತಾನು ಇರಲಿಲ್ಲ.

"ಎಷ್ಟಗಲ?" ಎಂದಳು ಅಕ್ಕ.

"ಎರಡು ಬೆರಳು."

ಅಂದೇ ಹಳದಿ ಬಟ್ಟೆ ಕತ್ತರಿಸಿ ಗಂಡನ ಕೈಗೆ ಬಿಚ್ಚಲು ಬಾರದಂತೆ ಎರಡು ಸುತ್ತು ಹೊಲಿಗೆ ಹಾಕಿಬಿಟ್ಟಳು. ಎದುರುಮನೆಯವಳು ನೋಡಿ ತನಗೂ ಬೇಕೆಂದಳು. ಆಮೇಲೆ ಬೀದಿಯೇ ಸಾಲುಗಟ್ಟಿತು. ಎಂಟು ದಿನದಲ್ಲಿ ಹಳದಿ ಕೈ ಇಲ್ಲದ ಮನುಷ್ಯ ಊರಲ್ಲಿ ಸಿಗಲಿಲ್ಲ. ಚುಚ್ಚುಮದ್ದು ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತು. ಸಂಶೋಧನಾ ವಿಭಾಗ ಒಂಬತ್ತನೇ ದಿನ ಪುಟದಲ್ಲಿ ಹೀಗೆ ಪ್ರಕಟಿಸಿತು:

'ಹಳದಿ ಪಟ್ಟಿಗೆ ಜನತೆ ನೀಡಿರುವ ಅಭೂತಪೂರ್ವ ಬೆಂಬಲವನ್ನು ಪರಿಗಣಿಸಿ, ಇಂದು ಬೆಳಿಗ್ಗೆ ಹತ್ತು ಗಂಟೆಯಿಂದ ಪಟ್ಟಿ ಕಟ್ಟಿದವರನ್ನು ಒಪ್ಪಿದವರೆಂದು ತಿಳಿಯತಕ್ಕದ್ದು. ಒಪ್ಪದವರು ಪಟ್ಟಿ ಕಟ್ಟದೆ ಸಹಕರಿಸಬೇಕು.'

ಅಕ್ಕ ಇದನ್ನು ಬಟ್ಟೆ ಅಂಗಡಿಯಲ್ಲಿ ಓದುತ್ತಿದ್ದಾಗಲೇ ಎದುರುಮನೆಯವಳ ಫೋನು: "ಅಕ್ಕಾ, ಭಾವ ಅಂಗಡೀಲಿ ಬಿದ್ಬಿಟ್ರು! ಆಂಬ್ಯುಲೆನ್ಸು ಬಂದಿದೆ!"

ಅಕ್ಕ ಸಂಚಿಯಿಂದ ಕತ್ತರಿ ತೆಗೆದು ಹಿಡಿದೇ ಓಡಿದಳು. ಜನ ದಾರಿ ಬಿಟ್ಟರು. ಗಡಿಯಾರದಂಗಡಿಯ ನೆಲದ ಮೇಲೆ ಒಬ್ಬ ಸಿಬ್ಬಂದಿ ಗಂಡನ ಎದೆ ಒತ್ತುತ್ತಿದ್ದ, ಇನ್ನೊಬ್ಬ ಸಿರಿಂಜು ಎತ್ತಿ ಗಾಳಿಗುಳ್ಳೆ ಬಿಡಿಸುತ್ತಿದ್ದ. ಸಂಪರ್ಕಾಧಿಕಾರಿ ಸ್ಟೂಲು ಹತ್ತಿ ಎರಡೂ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ.

"ನಿಲ್ಸಯ್ಯಾ! ಅವರು ಒಪ್ಪಿಲ್ಲ!"

"ಪಟ್ಟಿ ಇದೆಯಲ್ಲಮ್ಮಾ" ಎಂದ ಸಿರಿಂಜಿನವನು.

"ಅದನ್ನ ಹೊಲಿದವಳೇ ನಾನು!"

"ಇಷ್ಟು ಗಟ್ಟಿ ಹೊಲಿದಿದ್ದೀರಿ ಅಂದ್ರೆ ಒಪ್ಪಿಗೇನೂ ಗಟ್ಟೀನೇ."

ಸೂಜಿ ಚರ್ಮಕ್ಕೆ ತಾಗುವಷ್ಟರಲ್ಲಿ ಕತ್ತರಿ ಪಟ್ಟಿಗೆ ತಾಗಿತು. ಪಟ್ಟಿ ನೆಲಕ್ಕೆ ಬಿತ್ತು. ಸಿಬ್ಬಂದಿ ಬರಿಗೈ ನೋಡಿ, "ಸರಿ, ಈಗ ಒಪ್ಪಿಲ್ಲ" ಎಂದು ಸಿರಿಂಜನ್ನು ಡಬ್ಬಿಗೆ ಹಾಕಿದ. ಇನ್ನೊಬ್ಬ ಎದೆ ಒತ್ತುವುದನ್ನು ನಿಲ್ಲಿಸಿರಲಿಲ್ಲ. ಹಳೆಯ ಯಂತ್ರದಿಂದ ಎರಡು ಸಲ ಶಾಕ್ ಕೊಟ್ಟ. ಗಂಡ ಕಣ್ಣುಬಿಟ್ಟು, ಕತ್ತರಿ ಹಿಡಿದ ಹೆಂಡತಿಯನ್ನು ನೋಡಿ, "ನಾನೇನೇ ಮಾಡ್ದೆ?" ಎಂದ.

ಮೊಬೈಲಿನಲ್ಲಿ ಮೂಡಿದ್ದು ಇಷ್ಟು: ಗಂಡ ಬಿದ್ದಿದ್ದ, ಕತ್ತರಿ ಬಂತು, ಪಟ್ಟಿ ತುಂಡಾಯಿತು, ಗಂಡ ಎದ್ದ. ಎದೆ ಒತ್ತಿದವನ ಬೆನ್ನು ಅಡ್ಡ ಬರುತ್ತಿದ್ದುದರಿಂದ ಆ ಭಾಗವನ್ನು ತೆಗೆದುಹಾಕಲಾಗಿತ್ತು. ಎರಡು ಲಕ್ಷ ಜನ ನೋಡಿದರು. ಇಷ್ಟು ಜನ ನೋಡಿದ ಚಿಕಿತ್ಸೆ ಸುಳ್ಳಾಗಲಾರದು ಎಂದು ತಜ್ಞರ ಸಮಿತಿ ಅಭಿಪ್ರಾಯಪಟ್ಟು, ಚುಚ್ಚುಮದ್ದಿನ ಸಂಶೋಧನೆಯನ್ನು ಕೈಬಿಟ್ಟು, ಕತ್ತರಿ ಚಿಕಿತ್ಸೆಯ ಸಂಶೋಧನೆ ಆರಂಭಿಸಿತು. ಅಕ್ಕನ ಕತ್ತರಿಗೆ ಅರಗಿನ ಮುದ್ರೆ ಹಾಕಿ ಆಸ್ಪತ್ರೆಯ ಗಾಜಿನ ಕಪಾಟಿನಲ್ಲಿಟ್ಟರು.

ಗಂಡ ಮಂಚದ ಮೇಲೆ ಮೊಬೈಲಿನಲ್ಲಿ ಕತ್ತರಿ ಚಿಕಿತ್ಸೆಯ ಪುಟ ನೋಡುತ್ತಿದ್ದ. ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿಯುತ್ತಾ, "ಬೇಡ ಅಂತ ಬರೀರಿ" ಎಂದಳು.

"ಬರೆದೆ ಕಣೇ. ಧನ್ಯವಾದ ಬಂತು."

ಬಾಗಿಲಲ್ಲಿ ಬೀದಿಯೇ ನಿಂತಿತ್ತು. ಎಲ್ಲರಿಗಿಂತ ಮುಂದೆ ಎದುರುಮನೆಯವಳು.

"ಅಕ್ಕಾ, ಪಟ್ಟಿ ಬಿಚ್ಚಿ ಎಸೆದುಬಿಟ್ಟಿದ್ದೆ. ಇನ್ನೊಂದು ಹೊಲಿದುಕೊಡಿ. ಬಿದ್ದಾಗ ಕತ್ತರಿಸೋಕೆ ಕೈಯಲ್ಲಿ ಏನಾದ್ರೂ ಇರಬೇಕಲ್ಲ?"

ಅಕ್ಕ ಸಾಲನ್ನು ನೋಡಿದಳು, ಗಂಡನನ್ನು ನೋಡಿದಳು, ಅಳತೆ ಟೇಪು ಕೈಗೆತ್ತಿಕೊಂಡಳು. ಸಂಜೆಯೊಳಗೆ ಊರಿಗೆಲ್ಲ ಗಟ್ಟಿ ಹೊಲಿಗೆಯ ಪಟ್ಟಿ ಕೊಟ್ಟಳು. ಗಂಡನದ್ದನ್ನು ಮಾತ್ರ ಒಂದೇ ಎಳೆತಕ್ಕೆ ಬಿಚ್ಚಿಬರುವಂತೆ ಹೊಲಿದು, ದಾರದ ತುದಿಯನ್ನು ತನ್ನ ಬೆರಳಿಗೆ ಸುತ್ತಿಕೊಂಡು ಪುಟದಲ್ಲಿ ಮುಂದಿನ ಪ್ರಕಟಣೆಗೆ ಕಾಯುತ್ತಾ ಕೂತಳು.