ಅಡುಗೆಮನೆಗೆ ನಾನೇ ಡ್ರೈವರು

ಇದು ಈ ಜನ್ಮದಲ್ಲಿ ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವರು ಕುವೈತಿನ ಸಾಲ್ಮಿಯಾದಲ್ಲಿದ್ದ ನಮ್ಮ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ ವಿಶಾಲಾಕ್ಷಿ. ಎರಡನೆಯವಳು ನಾನೇ. ಅವರು ನಮ್ಮ ಸೋಫಾದ ಮೇಲೆ ಕುಳಿತು, ನಾನು ಮಾಡಿದ ಚಕ್ಕುಲಿಯನ್ನೇ ಮುರಿಯುತ್ತ, ನಗುತ್ತ ಹೇಳಿದರು. ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು, ಯಾರಿಗೂ ಕೇಳಿಸದ ಹಾಗೆ, ಬೆವರುತ್ತ ಹೇಳಿಕೊಂಡೆ. “ಸರೋಜಾ ಅಷ್ಟುದ್ದದ ಗಾಡಿ ಓಡಿಸ್ತಾಳಾ? ಅದೂ ಫ್ರಾನ್ಸಲ್ಲಿ? ಇಲ್ಲೇ ಫಹಾಹೀಲ್ ಮಾರ್ಕೆಟ್ಟಿಗೆ ಹೋಗಿಬಂದ್ರೆ ಒಂದು ಕೊಡ ನೀರು ಕುಡೀತಾಳಲ್ಲೋ” ಎಂದು ಅವರು ತಮ್ಮನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಸದ್ಯ, ಒಬ್ಬರಾದರೂ ನನ್ನ ಪಕ್ಷದಲ್ಲಿ ಇದ್ದಾರಲ್ಲ ಎಂದು ಸಮಾಧಾನವೇ ಆಯಿತು.

ನಾನು ಪುಕ್ಕಲಿ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಎಲ್ಲದಕ್ಕೂ ಹೆದರುವ ಪುಕ್ಕಲಿಯಲ್ಲ ಎಂಬುದನ್ನೂ ಹೇಳದೆ ಬಿಡಲಾರೆ. ನಮ್ಮ ವಂಶದಲ್ಲಿ ನನಗಿಂತ ಮೊದಲು ಕಾಲೇಜಿನೊಳಗೆ ಕಾಲಿಟ್ಟವರು ನಮ್ಮಪ್ಪ, ಅವರು ಕಾಲಿಟ್ಟದ್ದು ಅದರ ಹಾಸ್ಟೆಲಿನ ಅಡುಗೆಮನೆಗೆ. ಅಲ್ಲಿ ಹುಳಿ ಕುದಿಯುವ ಒಲೆಯ ಪಕ್ಕ ಮಣೆ ಹಾಕಿಕೊಂಡು ನಾನು ರಸಾಯನಶಾಸ್ತ್ರ ಓದಿದೆ. ಲ್ಯಾಬಿನಲ್ಲಿ ಆಸಿಡ್ ಬಿದ್ದು ತೂತಾದ ಸೀರೆಯ ಸೆರಗನ್ನು ಒಳಗೆ ಮಡಿಸಿ ಪರೀಕ್ಷೆಗೆ ಹೋದೆ. ಬಿ.ಎಸ್ಸಿ. ಮುಗಿಸಿದೆ, ಕೆಲಸ ಕಲಿತೆ, ಮದುವೆಯಾಗಿ ಅಹ್ಮದಿಗೆ ಬಂದ ಮೇಲೆ ಎಣ್ಣೆ ಕಂಪನಿಯ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಓದಿನ ಬಲದಿಂದಲೇ ಕುರ್ಚಿ ಸಂಪಾದಿಸಿದೆ. ರಕ್ತ ಕಂಡರೆ ಹೆದರಿಕೆಯಿಲ್ಲ, ಪರೀಕ್ಷೆಯೆಂದರೆ ಮೊದಲೇ ಇಲ್ಲ. ನನಗೆ ಹೆದರಿಕೆಯಿರುವುದು ಉರುಳುವ ವಸ್ತುಗಳಿಗೆ ಮಾತ್ರ. ದುರದೃಷ್ಟಕ್ಕೆ ಕುವೈತಿನಲ್ಲಿ ಉರುಳದೆ ನಿಂತಿರುವುದು ಬಹಳ ಕಡಿಮೆ.

ಹಾಗಾದರೆ ಗಾಡಿ ಯಾಕೆ ಕಲಿತೆಯಮ್ಮಾ ಎಂದು ನೀವು ಕೇಳಬಹುದು. ನನ್ನ ಗಂಡನ ಕಣ್ಣಿನ ದೆಸೆಯಿಂದ. ಇವರು ಶುಐಬಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಬುದ್ಧಿವಂತರು, ದೂರದ ಬೋರ್ಡನ್ನು ನನಗಿಂತ ಚೆನ್ನಾಗಿ ಓದುತ್ತಾರೆ. ಆದರೆ ದೇವರು ಅವರಿಗೆ ಕೆಂಪು ಮತ್ತು ಹಸಿರನ್ನು ಬೇರೆ ಬೇರೆ ಮಾಡಿ ತೋರಿಸಲು ಮರೆತ. ಮಾವಿನಹಣ್ಣನ್ನು ಒತ್ತಿ ನೋಡಿಯೇ ಹಣ್ಣೋ ಕಾಯೋ ಹೇಳಬೇಕು. ಲೈಸೆನ್ಸಿಗಾಗಿ ಕಣ್ಣು ಪರೀಕ್ಷೆ ಮಾಡಿದ ಡಾಕ್ಟರು ಚುಕ್ಕೆಗಳ ಪುಸ್ತಕ ಮುಚ್ಚಿಟ್ಟು, ಖಲಾಸ್ ಎಂದುಬಿಟ್ಟರು. ಅಲ್ಲಿಗೆ ಮನೆಯ ಸ್ಟಿಯರಿಂಗು ನನ್ನ ಪಾಲಿಗೆ ಬಂತು. ಅಂದಿನಿಂದ ನಮ್ಮ ಚಿಕ್ಕ ಕಾರಿನಲ್ಲಿ, ಇಲ್ಲಿ ನಿಧಾನದವರಿಗೆ ಬಿಟ್ಟ ರಸ್ತೆಯ ಬಲ ಅಂಚಿಗೆ ಅಂಟಿಕೊಂಡು, ಮನೆಯಿಂದ ಆಸ್ಪತ್ರೆಗೂ ಆಸ್ಪತ್ರೆಯಿಂದ ಮನೆಗೂ ಓಡಾಡಿಕೊಂಡಿದ್ದೇನೆ. “ಅಮ್ಮಾ, ದಟ್ ಸೈಕಲ್ ಈಸ್ ಓವರ್‌ಟೇಕಿಂಗ್ ಅಸ್” ಎಂದು ಮಗಳು ದೀಪಾ ಹಿಂದಿನಿಂದ ವರದಿ ಕೊಡುತ್ತಾಳೆ. ದುವ್ವಾರ್ ಎಂದು ಇಲ್ಲಿಯವರು ಕರೆಯುವ ವೃತ್ತಗಳಲ್ಲಿ ಒಮ್ಮೆ ಒಳಸುತ್ತಿಗೆ ಸಿಕ್ಕಿ, ಹೊರಗೆ ಬರಲು ಯಾರೂ ದಾರಿ ಕೊಡದೆ, ದೇವಸ್ಥಾನದಲ್ಲಿ ಹರಕೆ ಹೊತ್ತವರ ಹಾಗೆ ಸುತ್ತಿದ್ದೂ ಉಂಟು.

ಇಂಥ ನನ್ನ ಸಂಸಾರಕ್ಕೆ ಫ್ರಾನ್ಸ್ ಬಂದದ್ದು ಗೋಡೆಯ ಮೇಲೆ. ಇವರ ಆಫೀಸಿನ ಇಂಗ್ಲಿಷಿನವನೊಬ್ಬ ರಜೆಯಿಂದ ಬಂದು, ಮನೆಗೆ ಕರೆದು, ಬಿಳಿ ಗೋಡೆಯ ಮೇಲೆ ಸ್ಲೈಡುಗಳನ್ನು ತೋರಿಸಿದ. ನೇರಳೆ ಹೂವಿನ ಹೊಲಗಳು, ಕಲ್ಲಿನ ಊರುಗಳು, ನೀಲಿ ಸಮುದ್ರ. ಎಲ್ಲದರ ಮುಂದೆಯೂ ಒಂದು ಬಿಳಿಯ ಉದ್ದ ಗಾಡಿ. ಅದರೊಳಗೆ ಹಾಸಿಗೆ, ಸಿಂಕು, ಗ್ಯಾಸ್ ಒಲೆ. ಮೋಟರ್ ಹೋಮ್ ಅಂತೆ. ನಾವು ಹೂವು ನೋಡುತ್ತಿದ್ದಾಗ ನನ್ನ ಅತ್ತೆ ಮಾತ್ರ ಒಲೆಯನ್ನು ನೋಡಿದರು. ಅತ್ತೆ ಮೈಸೂರಿನಿಂದ ನಮ್ಮಲ್ಲಿಗೆ ಬಂದು ಕೆಲವು ತಿಂಗಳಾಗಿತ್ತು. ಬೇಸಿಗೆ ಮುಗಿಯುವಷ್ಟರಲ್ಲಿ ಅವರ ವೀಸಾವೂ ಮುಗಿಯುತ್ತಿತ್ತು. ಹೊರಗೆ ಅನ್ನ ಮುಟ್ಟದವರು. ವಿಮಾನದಲ್ಲೂ ಬಾಳೆಹಣ್ಣಿನ ಮೇಲೇ ಬಂದವರು. “ಅಂದ್ರೆ ಗಾಡಿ ಎಲ್ಲಿ ಹೋದ್ರೂ ಅಡುಗೆಮನೆ ಜೊತೇಲೇ ಬರುತ್ತೆ ಅನ್ನು” ಎಂದು ಮಗನನ್ನು ಕೇಳಿದರು. ಬರುತ್ತೆ ಎಂದರು ಇವರು. “ಹಾಗಾದ್ರೆ ನಾನೂ ನೋಡಿಬಿಡ್ತೀನಿ ಕಣೋ ಆ ದೇಶಾನ” ಎಂದು ಅತ್ತೆ ತೀರ್ಮಾನ ಕೊಟ್ಟರು. ಗಂಡ ತೀರಿಕೊಂಡ ಮೇಲೆ ಅವರು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೇ ಮೊದಲು. ಇವರ ಮುಖ ನೋಡಬೇಕಿತ್ತು. ಇಲ್ಲ ಎನ್ನುವ ದಾರಿ ನನಗೆ ಅಲ್ಲಿಗೇ ಮುಚ್ಚಿತು.

ಆಮೇಲೆ ನಮ್ಮ ಊಟದ ಮೇಜಿನ ಮೇಲೆ ಊಟ ನಿಂತು, ದಕ್ಷಿಣ ಫ್ರಾನ್ಸಿನ ಭೂಪಟ ಮಲಗಿತು. ಇವರು ಪೆನ್ಸಿಲ್ ಹಿಡಿದು ಮಾರ್ಸೇ, ಆರ್ಲ್, ಅವಿನ್ಯೋನ್ ಎಂದು ಗುರುತು ಹಾಕುತ್ತ ಹೋದರು. ಕೆಂಪು ಗೆರೆ ದೊಡ್ಡ ರಸ್ತೆ. ಹಸಿರು ಗೆರೆ ಎಳೆದದ್ದು ನೋಟ ಚೆನ್ನಾಗಿರುವ ರಸ್ತೆ, ಎಂದರೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ. ಇವೆರಡರಲ್ಲಿ ಯಾವುದು ಯಾವುದೆಂದು ತಿಳಿಯದ ಮನುಷ್ಯ ನನಗೆ ದಾರಿ ಹೇಳುವವರು! ಇವರು ಹಾಕಿದ ದಾರಿಯನ್ನು ನಾನು ಕದ್ದು ಪರೀಕ್ಷಿಸಿದೆ. ಮುಕ್ಕಾಲು ಪಾಲು ಹಸಿರಾಗಿತ್ತು. ಕುವೈತಿನಲ್ಲಿ ಬೆಟ್ಟವೆಂಬುದಿಲ್ಲ, ಅಹ್ಮದಿಯ ದಿಣ್ಣೆಯನ್ನೇ ನಾವು ಗೌರವದಿಂದ ಬೆಟ್ಟ ಎನ್ನುತ್ತೇವೆ. ಅದನ್ನು ಹತ್ತುವಾಗಲೇ ನಾನು ಉಸಿರು ಬಿಗಿಹಿಡಿಯುವವಳು.

ಅತ್ತೆಯ ಚಿಂತೆ ಬೇರೆ. ಗಾಡಿಯ ನಕ್ಷೆ ಬಂದ ದಿನ ಅವರು ಒಲೆಯ ಪಕ್ಕದಲ್ಲಿದ್ದ ಸಣ್ಣ ಚೌಕದ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ಕಕ್ಕಸು ಎಂದು ಇವರು ಮೆಲ್ಲಗೆ ಹೇಳಿದರು. ಅನ್ನ ಬೇಯುವ ಜಾಗಕ್ಕೂ ಅದಕ್ಕೂ ಒಂದು ಮೊಳ ದೂರವಿಲ್ಲದ ಮನೆ ಅದೆಂಥ ಮನೆ ಎಂಬುದು ಅವರ ವಾದ. ಕೊನೆಗೆ ಆ ಬಾಗಿಲಿಗೆ ಬೀಗ ಹಾಕಿ ಒಳಗೆ ಛತ್ರಿ, ಚಪ್ಪಲಿ ಇಡುವುದೆಂದೂ, ನಾವೆಲ್ಲರೂ ಗಾಡಿ ನಿಲ್ಲಿಸುವ ಬಯಲಿನ ಸಾರ್ವಜನಿಕ ವ್ಯವಸ್ಥೆಯನ್ನೇ ನಂಬುವುದೆಂದೂ ಒಪ್ಪಂದವಾಯಿತು. ಇವರು ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿಯನ್ನು ಅಳತೆಗೆ ಸರಿಯಾಗಿ ಬರೆದರು. ಅತ್ತೆ ಅದರೊಳಗೆ ಬಾಗಿಲಿನಿಂದಲೇ ಹೋಗಿ ಬಾಗಿಲಿನಿಂದಲೇ ಬರುತ್ತಿದ್ದರು. ಗೋಡೆ ದಾಟಿ ನಡೆದ ದೀಪಾಳಿಗೆ ಬೈಗುಳ ಬಿತ್ತು. ನಾನು ಮಾತ್ರ ಆ ಗೆರೆಗಳ ತುದಿಯಿಂದ ತುದಿಗೆ ನಡೆದು ನೋಡಿ ಎದೆ ಹಿಡಿದುಕೊಂಡೆ. ಸೋಫಾದಿಂದ ಹೊರಟ ಗಾಡಿ ಬಚ್ಚಲಿನ ಬಾಗಿಲವರೆಗೂ ಇತ್ತು.

ಅಷ್ಟರಲ್ಲಿ ಫ್ರಾನ್ಸಿನಲ್ಲಿ ಗಾಡಿ ಬಾಡಿಗೆಗೆ ಕೊಡುವವರಿಂದ ಮಾತು ಬಂತು: ಓಡಿಸುವವರು ಮಹಿಳೆಯೆಂದು ತಿಳಿಯಿತು, ಸಂತೋಷ; ಇಷ್ಟುದ್ದದ ವಾಹನ ಓಡಿಸಿ ಅಭ್ಯಾಸವಿದೆಯೆಂದು ಯಾರಾದರೂ ಅಧಿಕೃತರು ಬರೆದುಕೊಡಲಿ, ಇಲ್ಲದಿದ್ದರೆ ಗಾಡಿ ಇಲ್ಲ. ನಾನು ಒಳಗೊಳಗೇ ದೇವರಿಗೆ ಕೈಮುಗಿದೆ. ಇವರು ಕೈಮುಗಿದದ್ದು ನಮ್ಮ ಕಂಪನಿಯ ವಾಹನ ವಿಭಾಗದವರಿಗೆ. ಹೆಂಗಸೊಬ್ಬಳು ಮಿನಿಬಸ್ ಕಲಿಯಲು ಬರುತ್ತಾಳೆಂದರೆ ಬೇಡವೆನ್ನಲು ಅವರಿಗೂ ನೆನಪಾಗಲಿಲ್ಲವೋ ಏನೋ, ಒಪ್ಪಿಬಿಟ್ಟರು.

ಕಲಿಸಿದವರು ಅಬೂ ಸಮೀರ್, ಪ್ಯಾಲೆಸ್ಟೀನಿನವರು, ಬಿಳಿ ಮೀಸೆ. ಲ್ಯಾಬಿನ ಬಿಳಿ ಕೋಟಿನಲ್ಲೇ ಹೋಗಿದ್ದರಿಂದ ನನ್ನನ್ನು ದಕ್ತೂರಾ ಎಂದೇ ಕರೆದರು. ನಾನು ಡಾಕ್ಟರಲ್ಲ ಎಂದರೂ ಬಿಡಲಿಲ್ಲ. ಬಿಸಿಲಿಗೆ ಕಾದ ಸ್ಟಿಯರಿಂಗನ್ನು ಟವಲು ಸುತ್ತಿ ಹಿಡಿಯಬೇಕಿತ್ತು. ಅವರು ಇಸ್ತಿಕಾನ ಎನ್ನುವ ಪುಟ್ಟ ಗಾಜಿನ ಲೋಟದಲ್ಲಿ ಚಹಾ ತುಂಬಿ ನನ್ನ ಮುಂದೆ ಡ್ಯಾಶ್‌ಬೋರ್ಡಿನ ಮೇಲೆ ಇಡುತ್ತಿದ್ದರು. ಚೆಲ್ಲದೆ ಬ್ರೇಕು ಹಾಕಬೇಕು, ಚೆಲ್ಲದೆ ತಿರುಗಬೇಕು. ಮೊದಮೊದಲು ಚಹಾ ಅವರ ತೊಡೆಯ ಮೇಲೇ ಇರುತ್ತಿತ್ತು. “ಶ್ವೈ ಶ್ವೈ, ದಕ್ತೂರಾ. ಆಹಿಸ್ತಾ. ಮೈ ಬುಡ್ಢಾ ಹೂಂ” ಎಂದು ಅವರು ಅರಬ್ಬಿಯನ್ನೂ ಹಿಂದಿಯನ್ನೂ ಕಲಸಿ ಬೇಡಿಕೊಳ್ಳುತ್ತಿದ್ದರು. ಹಿಂದಕ್ಕೆ ಓಡಿಸುವುದಂತೂ ನನಗೆ ನರಕ. ಕನ್ನಡಿಯಲ್ಲಿ ಗಾಡಿಯ ಬಾಲ ಎಲ್ಲೋ ಬೇರೆ ಊರಿನಲ್ಲಿದ್ದಂತೆ ಕಾಣುತ್ತಿತ್ತು. ಆ ಬಾಲದಲ್ಲಿ ಅತ್ತೆ ಹುಳಿ ಕುದಿಸುತ್ತ ನಿಂತಿದ್ದಾರೆ, ಅವರ ಹಿಂದೆ ಪ್ರಪಾತ ಇದೆ ಎಂದು ನೆನೆಸಿಕೊಂಡರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಮನೆಯಲ್ಲಿ ಇದನ್ನು ಹೇಳುವಂತಿಲ್ಲ. ಅತ್ತೆ ಆಗಲೇ ಹಪ್ಪಳ ಒಣಗಿಸುತ್ತಿದ್ದರು, ಸಾರಿನಪುಡಿ ಕುಟ್ಟಿಸಿದ್ದರು.

ಪರೀಕ್ಷೆ ಇಟ್ಟದ್ದು ಒಂದು ಗುರುವಾರ. ಪರೀಕ್ಷಿಸುವವನು ಕಂಪನಿಯ ಸುರಕ್ಷತಾಧಿಕಾರಿ, ನಗುವ ಅಭ್ಯಾಸವಿಲ್ಲದ ಇಂಗ್ಲಿಷಿನವನು. ಇವರೂ ಅತ್ತೆಯೂ ನೋಡಲು ಬಂದು ತಂತಿಬೇಲಿಯ ಆಚೆ ನಿಂತರು. ಹೊರಡುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು, ಚಕ್ರಗಳ ಹಿಂದೆ ಮುಂದೆ ಏನಾದರೂ ಇದೆಯೇ ನೋಡಿ ಹೇಳಬೇಕು; ಅದು ಮೊದಲ ಪ್ರಶ್ನೆ. ನಾನು ಸುತ್ತು ಬಂದೆ. ನಾಲ್ಕೂ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು, ಕುಂಕುಮ ಹಚ್ಚಿದ್ದು. ನಾನು ಒಳಗೆ ಹೆಸರು ಬರೆಸುತ್ತಿದ್ದಾಗ ಅತ್ತೆ ಬೇಲಿಯ ಸಂದಿಯಿಂದ ನುಸುಳಿ ಬಂದು ಇಟ್ಟುಹೋಗಿದ್ದರು. ಅವನ್ನು ನೋಡಿ, ನಿಜ ಹೇಳುತ್ತೇನೆ, ನನಗೆ ಧೈರ್ಯ ಬಂತು. ತೃಪ್ತಿಯಿಂದ ಬಂದು, ಏನೂ ಇಲ್ಲ ಸರ್ ಎಂದೆ.

ಅವನು ತಾನೇ ಒಂದು ಸುತ್ತು ಹೋದ. ಬಗ್ಗಿದ. ಒಂದು ನಿಂಬೆಹಣ್ಣನ್ನು ಎರಡು ಬೆರಳಲ್ಲಿ ಹಿಡಿದು ಎದ್ದ.

“ಇದನ್ನು ನೀವು ನೋಡಲಿಲ್ಲವೇ?”

“ನೋಡಿದೆ.”

“ಆದರೂ ಏನೂ ಇಲ್ಲ ಎಂದಿರಿ.”

“ಅದು ಅಲ್ಲಿ ಇರಬೇಕಾದ್ದು, ಸರ್.”

ಅವನು ಏನೋ ಬರೆದುಕೊಂಡ. ಹುಟ್ಟಿದಾಗಿನಿಂದ ಯಾವ ಪರೀಕ್ಷೆಯಲ್ಲೂ ಹಿಂದೆ ಬೀಳದವಳು ನಿಂಬೆಹಣ್ಣಿನಲ್ಲಿ ನಪಾಸಾಗುತ್ತಿದ್ದೇನೆ. ಫ್ರಾನ್ಸೂ ಹೋಯಿತು, ಮಾನವೂ ಹೋಯಿತು. ವಿಚಿತ್ರವೆಂದರೆ, ಇಷ್ಟು ದಿನ ಯಾವುದು ತಪ್ಪಿಹೋಗಲಿ ಎಂದು ಬೇಡಿಕೊಂಡಿದ್ದೆನೋ ಅದು ತಪ್ಪುತ್ತಿದೆ ಎಂದಾಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬೇಲಿಯ ಆಚೆಯಿಂದ ಅತ್ತೆ, “ಅದನ್ನ ತೆಗೀಬಾರ್ದು ಅಂತ ಅವನಿಗೆ ಹೇಳೇ ಸರೋಜಾ” ಎಂದು ಸೂಚನೆ ಕೊಟ್ಟರು. ಅಬೂ ಸಮೀರ್ ಮುಂದೆ ಬಂದು, ತಮ್ಮ ತಾಯಿಯೂ ಗಾಡಿಗೆ ನೀಲಿ ಮಣಿ ಕಟ್ಟುತ್ತಿದ್ದರೆಂದು ಅಧಿಕಾರಿಗೆ ವಿವರಿಸಿದರು. ಅವನು ಎಲ್ಲವನ್ನೂ ಕೇಳಿ, ನಿಂಬೆಹಣ್ಣನ್ನು ಇದ್ದ ಜಾಗದಲ್ಲೇ ಇಟ್ಟ. ಇನ್ನೊಂದು ಸುತ್ತು ಬನ್ನಿ, ಕಂಡದ್ದನ್ನೆಲ್ಲ ಹೇಳಿ, ಇರಬೇಕಾದ್ದು ಯಾವುದೆಂದು ತೀರ್ಮಾನಿಸುವುದು ನನ್ನ ಕೆಲಸ ಎಂದ.

ಹೆದರಿದವಳಿಗೆ ಹೀಗೆ ಹೇಳಬಾರದಿತ್ತು. ನಾನು ನಿಂಬೆಹಣ್ಣಿನಿಂದ ಶುರು ಮಾಡಿ, ಒಂದು ಸಿಗರೇಟಿನ ತುಂಡು, ಎರಡು ಕಲ್ಲು, ಇರುವೆ ಸಾಲು, ಮಡ್‌ಗಾರ್ಡಿನ ತಗ್ಗು, ಟೈರಿನ ಮೇಲಿನ ಹಕ್ಕಿಯ ಹಿಕ್ಕೆ, ಎಲ್ಲವನ್ನೂ ಲ್ಯಾಬಿನ ವರದಿಯ ಹಾಗೆ ಒಪ್ಪಿಸಿದೆ. ಬಿಸಿಲಿಗೆ ಅವನ ಮೂಗು ಕೆಂಪಗಾಯಿತು. ಸಾಕು, ಹತ್ತಿ ಎಂದ. ಗಾಡಿ ಹೊರಟಾಗ ಕೆಳಗೆ ಪಚಕ್ಕೆಂದ ಸದ್ದಿಗೆ ಅವನೇ ಬೆಚ್ಚಿದ. ಪೀಪಾಯಿಗಳ ನಡುವೆ ಹಿಂದಕ್ಕೆ ಓಡಿಸುವಾಗ ನಾನು ಮತ್ತೆ ಮತ್ತೆ ಗಾಡಿಯಿಂದ ಇಳಿದು ಹಿಂದೆ ಹೋಗಿ ನೋಡಿ ಬಂದೆ. ದುವ್ವಾರಿನಲ್ಲಿ ಅಹ್ಮದಿಯ ವಾಹನಗಳೆಲ್ಲ ಊರು ಸೇರುವವರೆಗೂ ಕಾದೆ. ದಿಣ್ಣೆಯ ಮೇಲೆ ನಿಲ್ಲಿಸಿ ಹೊರಡಿಸಿದಾಗ ಗಾಡಿ ಹಿಂದಕ್ಕೆ ಒಂದು ಗೇಣೂ ಜಾರಲಿಲ್ಲ. ಜಾರುವಷ್ಟು ಧೈರ್ಯ ನಾನು ಅದಕ್ಕೆ ಕೊಡಲೇ ಇಲ್ಲ.

ಮರಳಿ ಬಂದು ಇಂಜಿನ್ ನಿಲ್ಲಿಸಿದಾಗ ಅವನು ಕೇಳಿದ, ಹೆದರಿಕೆ ಆಯಿತೇ ಎಂದು. ಇನ್ನೂ ಆಗುತ್ತಿದೆ ಎಂದೆ. ಹೋದ ವಾರ ಇಲ್ಲ ಎಂದವನೊಬ್ಬ ಪೀಪಾಯಿಯನ್ನು ಉರುಳಿಸಿ ಹೋದ ಎಂದು ಹೇಳಿ, ಆಫೀಸಿನೊಳಗೆ ಹೋಗಿ, ಮುದ್ರೆ ಒತ್ತಿದ ಪ್ರಮಾಣಪತ್ರ ತಂದು ನನ್ನ ಕೈಗೆ ಕೊಟ್ಟ. ಒಂದು ಕಡೆ ಅರಬ್ಬಿ, ಒಂದು ಕಡೆ ಇಂಗ್ಲಿಷು. ಉದ್ದದ ವಾಹನವನ್ನು ತಕ್ಕ ಎಚ್ಚರಿಕೆಯಿಂದ ಓಡಿಸಬಲ್ಲವರು, ಸರೋಜಾ, ಬಿ.ಎಸ್ಸಿ. ಆ ಮೂರಕ್ಷರವನ್ನು ಹೆಸರು ಬರೆಸುವಾಗ ನಾನೇ ಹೇಳಿ ಸೇರಿಸಿದ್ದೆ. ಅದನ್ನು ಎದೆಗೊತ್ತಿಕೊಂಡು ಬೇಲಿಯ ಹತ್ತಿರ ಹೋಗುವಾಗ ನನ್ನ ನಡಿಗೆಯೇ ಬದಲಾಗಿತ್ತು ಎಂದು ಇವರು ಈಗಲೂ ಹೇಳುತ್ತಾರೆ. ಅತ್ತೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಪತ್ರವನ್ನು ತೆಗೆದುಕೊಂಡರು, ಕಣ್ಣಿಗೊತ್ತಿಕೊಂಡರು, ಏನು ಬರೆದಿದೆ ಓದು ಎಂದರು. ನಾನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿ, ಪತ್ರವನ್ನು ಜೋಪಾನವಾಗಿ ನನಗೇ ಹಿಂದಿರುಗಿಸಿದರು.

“ಎಲ್ಲಾ ಸರಿ ಕಣೇ ಸರೋಜಾ. ಅಲ್ಲಿ ಎದುರುಗಡೆಯಿಂದ ಬರೋ ಲಾರಿಯವನಿಗೆ ಇದನ್ನ ಯಾರು ಓದಿ ಹೇಳ್ತಾರೆ?”